ಸಾಯೋದರೊಳಗೆ ನೋಡಬೇಕು ಅಂತ ಇನ್ನೂ ಉಳಿದಿರುವ ಊರು ಯಾವುದು? ಮೊಣಕಾಲು ಗಟ್ಟಿ ಇರುವಾಗ ಮೊದಲು ಎಲ್ಲಿಗೆ ಹೋಗಬೇಕು?

ಬೆಣ್ಣೆದೋಸೆ_ದಾವಣಗೆರೆ
ಮೊನ್ನೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ 1998ರ ಒಂದು ಡೈರಿ ಸಿಕ್ಕಿತು. ಕೊನೇ ಪುಟದಲ್ಲಿ ನನ್ನದೇ ಕೋಳಿಕಾಲು ಅಕ್ಷರದಲ್ಲಿ "ಸಾಯೋದರೊಳಗೆ" ಅಂತ ತಲೆಬರಹ, ಕೆಳಗೆ 14 ಊರುಗಳ ಪಟ್ಟಿ. ಆಗ ನನಗೆ 25, ಮದುವೆ ಆಗಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಈಗ 52.

ಲೆಕ್ಕ ಹಾಕಿದೆ. 27 ವರ್ಷದಲ್ಲಿ ಆಗಿರುವುದು ಐದು. ಹಂಪಿ, ಕನ್ಯಾಕುಮಾರಿ, ಡಾರ್ಜಿಲಿಂಗ್, ಕಾಶಿ, ಅಂಡಮಾನ್. ಉಳಿದಿರುವುದು ಕೈಲಾಸ ಮಾನಸ ಸರೋವರ, ಎಲ್ಲೋರಾ, ಉತ್ತರಾಖಂಡದ ಹೂವಿನ ಕಣಿವೆ, ಲಡಾಖ್, ಲಕ್ಷದ್ವೀಪ, ಅಂಕೋರ್ ವಾಟ್, ಮಾಚು ಪಿಚು, ನಾರ್ವೆಯ ರಾತ್ರಿ ಆಕಾಶದ ಆ ಹಸಿರು ಬೆಳಕು. ಇನ್ನೊಂದನ್ನು ನಾನೇ ಗೀಚಿ ಹಾಕಿದ್ದೇನೆ, ಏನು ಬರೆದಿದ್ದೆನೋ ಎಷ್ಟು ಕಣ್ಣು ಕಿರಿದು ಮಾಡಿದರೂ ಓದಲು ಆಗುತ್ತಿಲ್ಲ.

ಕಳೆದ ತಿಂಗಳು ಡಾಕ್ಟರು ಮೊಣಕಾಲು ಹಿಡಿದು ಅಲ್ಲಾಡಿಸಿ ನೋಡಿ "ಮೆಟ್ಟಿಲು ಕಮ್ಮಿ ಮಾಡಿ" ಅಂದರು. ಅದಕ್ಕೇ ಈ ಪ್ರಶ್ನೆ. ಕಷ್ಟದ್ದನ್ನು ಮೊದಲು ಮುಗಿಸಬೇಕಾ, ಅಥವಾ ಹತ್ತಿರದ್ದನ್ನು ಒಂದೊಂದಾಗಿ ಮುಗಿಸಬೇಕಾ? ನಿಮ್ಮ ಪಟ್ಟಿಯಲ್ಲಿ ಏನು ಉಳಿದಿದೆ ಅದನ್ನೂ ಹೇಳಿ.

ಮಲೆನಾಡ_ಜಡಿಮಳೆ
ಇದರಲ್ಲಿ ಯೋಚನೆ ಮಾಡುವುದೇನಿದೆ. ಕಾಲು ಬೇಡುವ ಊರು ಮೊದಲು, ಕಾಸು ಬೇಡುವ ಊರು ಆಮೇಲೆ. ಕಾಸು 60ಕ್ಕೂ ಬರಬಹುದು, ಕಾಲು ಬರುವುದಿಲ್ಲ.

ಸೋಮವಾರ_ಬೇಡ
ಗೀಚಿ ಹಾಕಿದ್ದು ಆಗ ನೋಡಬೇಕು ಅಂದುಕೊಂಡಿದ್ದ ಹುಡುಗಿಯ ಊರು ಇರಬೇಕು ಸಾರ್ 😄

ಬೆಣ್ಣೆದೋಸೆ_ದಾವಣಗೆರೆ
@ಸೋಮವಾರ_ಬೇಡ ಮನೆಯವರೂ ಇದನ್ನು ಓದುತ್ತಾರೆ ಮಾರಾಯ್ರೇ, ಸುಮ್ನಿರಿ.

ಕೈಲಾಸ_ಒಂದ್ಸಲ
ಕೈಲಾಸದ ಬಗ್ಗೆ ಹೇಳುತ್ತೇನೆ, ಯಾಕಂದರೆ ಎರಡು ವರ್ಷದಿಂದ ನಾನು ಅದೇ ಜಪ ಮಾಡುತ್ತಿದ್ದೇನೆ. 2020ರಿಂದ ಸರ್ಕಾರದ ಯಾತ್ರೆ ನಿಂತು ಹೋಗಿತ್ತು, 2025ರ ಬೇಸಿಗೆಯಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಉತ್ತರಾಖಂಡದ ಲಿಪುಲೇಖ್ ಕಡೆಯಿಂದ 50 ಜನರ 5 ತಂಡ, ಸಿಕ್ಕಿಂನ ನಾಥು ಲಾ ಕಡೆಯಿಂದ 50 ಜನರ 10 ತಂಡ. ಅಂದರೆ ಇಡೀ ದೇಶಕ್ಕೆ 750 ಸೀಟು. ಕಂಪ್ಯೂಟರ್ ಲಾಟರಿಯಲ್ಲಿ ಹೆಸರು ಬರಬೇಕು. ಶಿವನ ಮನಸ್ಸಿಗೆ ಬಂದರೂ ಕಂಪ್ಯೂಟರಿನ ಮನಸ್ಸಿಗೆ ಬರಬೇಕಲ್ಲ!

ನಿಮಗೆ ಮುಖ್ಯವಾದ ವಿಷಯ: ವಯಸ್ಸು 18ರಿಂದ 70. ಹಾಗಾಗಿ ವಯಸ್ಸಿನ ತೊಂದರೆ ಇಲ್ಲ. ಆದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ದಾಟಬಾರದು. ದೆಹಲಿಯಲ್ಲಿ ಒಂದು ಮೆಡಿಕಲ್, ಲಿಪುಲೇಖ್ ದಾರಿಯಲ್ಲಿ ಹೋದರೆ ಗುಂಜಿಯಲ್ಲಿ ಇನ್ನೊಂದು. ಅಲ್ಲಿಂದಲೂ ವಾಪಸ್ ಕಳಿಸುತ್ತಾರೆ. ನಂದು 27.4 ಇತ್ತು. ರಾತ್ರಿ ಊಟ ಬಿಟ್ಟೆ, ಅನ್ನ ಬಿಟ್ಟೆ, ಈಗ 25.3. ಆ ಪಾಯಿಂಟ್ ಮೂರು ಇದೆಯಲ್ಲ, ಅದು ನಮ್ಮಮ್ಮನ ಹೋಳಿಗೆ.

ನಿವೃತ್ತ_ಮೇಷ್ಟ್ರು_ಗದಗ
ಸರ್ಕಾರದಿಂದ ಸಹಾಯಧನ ಸಿಗುತ್ತದೆ ಅಂತ ಕೇಳಿದ್ದೆ, ಹೌದೇ?

ಕೈಲಾಸ_ಒಂದ್ಸಲ
ಹೌದು ಮೇಷ್ಟ್ರೇ, ಹೋಗಿ ಬಂದವರಿಗೆ ಮುಜರಾಯಿ ಇಲಾಖೆಯಿಂದ ಕೊಡುತ್ತಾರೆ. ಆದರೆ ಖರ್ಚಿನ ಮುಂದೆ ಅದು ಸ್ವಲ್ಪವೇ. 2025ರಲ್ಲಿ ಲಿಪುಲೇಖ್ ದಾರಿಗೇ ಒಬ್ಬರಿಗೆ ಸುಮಾರು ಒಂದೂಮುಕ್ಕಾಲು ಲಕ್ಷ ಆಗುತ್ತಿತ್ತು, ನಾಥು ಲಾ ಇನ್ನೂ ಜಾಸ್ತಿ. ನಾಥು ಲಾ ದಾರಿಯಲ್ಲಿ ನಡಿಗೆ ಕಮ್ಮಿ. ಆದರೂ ಪರಿಕ್ರಮದ ಡೋಲ್ಮಾ ಲಾ ಕಣಿವೆದಾರಿ ಯಾರನ್ನೂ ಬಿಡುವುದಿಲ್ಲ. 5,600 ಮೀಟರಿಗೂ ಮೇಲೆ. ಅಲ್ಲಿ ಮೊಣಕಾಲಿಗಿಂತ ಮೊದಲು ಉಸಿರು ಕೈಕೊಡುತ್ತದೆ.

ಪುಟ್ಟಿ_ಅಮ್ಮ
ನಾನು ಬೇರೆಯೇ ಕಥೆ ಹೇಳುತ್ತೇನೆ. ನಮ್ಮತ್ತೆಗೆ 67. ಈ ಪಟ್ಟಿಗಿಟ್ಟಿ ಏನೂ ಬರೆದವರಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆಯಿತಲ್ಲ, ಅವತ್ತಿನಿಂದ ಅವರನ್ನು ಹಿಡಿಯುವವರೇ ಇಲ್ಲ. ಧರ್ಮಸ್ಥಳ, ಸವದತ್ತಿ, ಹುಲಿಗಿ, ಬಾದಾಮಿ ಬನಶಂಕರಿ, ಮಲೆ ಮಹದೇಶ್ವರ ಬೆಟ್ಟ, ಎಲ್ಲಾ ಮುಗಿಸಿದರು. ಜೊತೆಗೆ ಬೀದಿಯ ಇನ್ನೂ ನಾಲ್ಕು ಜನ. ಒಬ್ಬೊಬ್ಬರ ಕೈಯಲ್ಲೂ ಒಂದು ವೈರ್ ಬ್ಯಾಗು, ಅದರಲ್ಲಿ ಆಧಾರ್ ಕಾರ್ಡು, ಮಾತ್ರೆ ಡಬ್ಬಿ, ಚಟ್ನಿಪುಡಿ, ಚಪಾತಿ.

ಈಗ ಅವರಿಗೆ ಉಳಿದಿರುವ ದೊಡ್ಡ ಕನಸು ಮಂತ್ರಾಲಯ. ಅದು ಆಂಧ್ರದಲ್ಲಿ. ರಾಯಚೂರು ತನಕ ಫ್ರೀ, ಆಮೇಲೆ ಟಿಕೆಟ್ಟು. "ರಾಯರು ಒಂದು ಚೂರು ಈಚೆಗೆ ಕೂತಿದ್ದರೆ ಏನಾಗುತ್ತಿತ್ತು" ಅಂತ ದಿನಾ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ದುಡ್ಡು ಕೊಡುತ್ತೇನೆ ಅಂದರೂ ಬೇಡವಂತೆ. ಫ್ರೀ ಹೋಗುವುದರಲ್ಲಿ ಇರುವ ಗತ್ತು ಟಿಕೆಟ್ ತಗೊಂಡರೆ ಇರುವುದಿಲ್ಲವಂತೆ.

ಸೋಮವಾರ_ಬೇಡ
ಅತ್ತೆಯವರಿಗೆ ಒಂದು ದೊಡ್ಡ ನಮಸ್ಕಾರ. ಈ ವೇದಿಕೆಯಲ್ಲಿ ಬಕೆಟ್ ಲಿಸ್ಟ್ ನಿಜವಾಗಿ ಮುಗಿಸಿದವರು ಅವರೊಬ್ಬರೇ.

ಪದ_ಹುಡುಕ
ಬಕೆಟ್ ಲಿಸ್ಟ್ ಅನ್ನುವುದಕ್ಕೆ ಕನ್ನಡದಲ್ಲಿ ಒಂದು ಒಳ್ಳೆ ಪದ ಬೇಕಪ್ಪ.

ಮಲೆನಾಡ_ಜಡಿಮಳೆ
ತಂಬಿಗೆ ಪಟ್ಟಿ.

ಪದ_ಹುಡುಕ
ತಂಬಿಗೆ ಹಿಡಿದು ಎಲ್ಲಿಗೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು, ಬೇಡ.

ಟಿಕೆಟ್_ವೇಟಿಂಗ್_ಲಿಸ್ಟ್
ನನ್ನದು ಕಾಶಿ. ನಗಬೇಡಿ. ಮದುವೆಯಲ್ಲಿ ಕೊಡೆ ಹಿಡಿದು, ಕೋಲು ಹಿಡಿದು, ಪಂಚೆ ಉಟ್ಟು ಕಾಶಿಯಾತ್ರೆಗೆ ಅಂತ ಹೊರಟಿದ್ದೆ. ಭಾವಮೈದ ಓಡಿ ಬಂದು ಕಾಲು ತೊಳೆದು ವಾಪಸ್ ಕರೆತಂದ. 19 ವರ್ಷ ಆಯಿತು. ಅವತ್ತು ತಡೆದಿದ್ದು, ಇವತ್ತಿಗೂ ಹೋಗಲು ಆಗಿಲ್ಲ. ಒಂದು ಸಲ ಬೆಂಗಳೂರಿನಿಂದ ರೈಲು ಬುಕ್ ಮಾಡಿದ್ದೆ, ಹೆಸರಿನ ಪ್ರಕಾರವೇ ಆಯಿತು.

ಬೆಣ್ಣೆದೋಸೆ_ದಾವಣಗೆರೆ
@ಟಿಕೆಟ್_ವೇಟಿಂಗ್_ಲಿಸ್ಟ್ ರಾಜ್ಯ ಸರ್ಕಾರದ ಕಾಶಿ ದರ್ಶನ ರೈಲು ನೋಡಿ, ಭಾರತ್ ಗೌರವ್ ಅಂತ. ನಾವು ಅದರಲ್ಲೇ ಹೋಗಿದ್ದು. ಊಟ ಸೇರಿ ಪ್ಯಾಕೇಜು, ಸಹಾಯಧನ ಕಳೆದೇ ದುಡ್ಡು ಕಟ್ಟುವುದು. ಬೆಳಗಿನ ಜಾವ ದೋಣಿಯಲ್ಲಿ ಹೋಗಿ. ಸಂಜೆ ಆರತಿ ಹೊತ್ತಿಗೆ ಜನ ಜಾಸ್ತಿ, ಮೊಬೈಲ್ ಎತ್ತಿದ ಕೈಗಳೇ ಕಾಣುವುದು.

ಓಸ್ಲೋ_ಕನ್ನಡತಿ
ನಾರ್ವೆಯ ಹಸಿರು ಬೆಳಕಿನ ಬಗ್ಗೆ ನಾನು ಹೇಳಬಹುದು. ಇಲ್ಲಿಗೆ ಬಂದು ಏಳು ವರ್ಷ ಆಯಿತು. ಊರಿನವರೆಲ್ಲ ನಮ್ಮ ಮನೆ ಮಹಡಿಯ ಮೇಲೇ ಅದು ಕಾಣುತ್ತೆ ಅಂದುಕೊಂಡಿದ್ದಾರೆ. ಓಸ್ಲೋದಲ್ಲಿ ಅಪರೂಪ. ಟ್ರೋಮ್ಸೋಗೆ ಹೋಗಬೇಕು, ಇಲ್ಲಿಂದ ವಿಮಾನದಲ್ಲಿ ಎರಡು ಗಂಟೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ ಸೀಸನ್ನು. ಬೇಸಿಗೆಯಲ್ಲಿ ಬಂದರೆ ಕತ್ತಲೇ ಆಗುವುದಿಲ್ಲ, ಬೆಳಕು ಎಲ್ಲಿಂದ ಕಾಣಬೇಕು.

ನಮ್ಮ ಅಪ್ಪ ಅಮ್ಮ ಬಂದಿದ್ದಾಗ ಮೂರು ರಾತ್ರಿ ಉಳಿದುಕೊಂಡೆವು. ಎರಡು ರಾತ್ರಿ ಮೋಡ. ಮೂರನೇ ರಾತ್ರಿ ಬಸ್ಸಿನವನು ಮೋಡ ಇಲ್ಲದ ಜಾಗ ಹುಡುಕಿಕೊಂಡು ಫಿನ್‌ಲ್ಯಾಂಡ್ ಗಡಿ ತನಕ ಓಡಿಸಿದ. ಮೈನಸ್ 18. ಅಪ್ಪ ಮಂಕಿ ಕ್ಯಾಪಿನ ಮೇಲೆ ಇನ್ನೊಂದು ಮಂಕಿ ಕ್ಯಾಪ್ ಹಾಕಿದ್ದರು. ಬೆಳಕು ಬಂತು. ಮೊದಲು ಬೂದಿ ಬಣ್ಣದ ಮೋಡದ ಹಾಗೆ, ಆಮೇಲೆ ಯಾರೋ ಪರದೆ ಒದರಿದ ಹಾಗೆ ಅಲ್ಲಾಡಿತು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಫೋಟೋದಲ್ಲಿ ಕಾಣುವಷ್ಟು ಹಸಿರು ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾ ಜಾಸ್ತಿ ಬೆಳಕು ಹೀರಿಕೊಳ್ಳುತ್ತದೆ. ಅಮ್ಮ ಹತ್ತು ನಿಮಿಷ ಸುಮ್ಮನೆ ನೋಡಿ "ಇಷ್ಟಕ್ಕೆ ಇಷ್ಟು ಚಳೀನಾ" ಅಂದರು. ಅಪ್ಪ ಮಾತ್ರ ವಾಪಸ್ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ರಾತ್ರಿ_ಆಕಾಶ
ಅಷ್ಟು ದೂರ ಯಾಕೆ, ಲಡಾಖ್‌ನ ಹಾನ್ಲೆಯಲ್ಲೇ ಕಂಡಿದೆ ಈ ಬೆಳಕು! 2024ರ ಮೇ 10ರ ರಾತ್ರಿ.

ಓಸ್ಲೋ_ಕನ್ನಡತಿ
ಅದು ಸೂರ್ಯನ ದೊಡ್ಡ ಬಿರುಗಾಳಿ ಅಪ್ಪಳಿಸಿದ ರಾತ್ರಿ. ಅಲ್ಲಿ ಕಂಡಿದ್ದು ಕೆಂಪು, ಅದೂ ಕ್ಯಾಮೆರಾಕ್ಕೆ. ಅದನ್ನು ನಂಬಿಕೊಂಡು ಟಿಕೆಟ್ ಬುಕ್ ಮಾಡಿಸಬೇಡಿ ಮಾರಾಯ್ರೇ, ಪಾಪ ಅವರ ಮೊಣಕಾಲು ಬೇರೆ ನೋವು.

ರಾತ್ರಿ_ಆಕಾಶ
ಸರಿ ಸರಿ, ಒಪ್ಪಿದೆ. ಆದರೂ ಹಾನ್ಲೆಗೆ ಹೋಗಲೇಬೇಕು. ನಕ್ಷತ್ರ ನೋಡುವುದಕ್ಕೆ. ಸುತ್ತ ದೀಪಕ್ಕೆ ಕಡಿವಾಣ ಹಾಕಿ 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶ ಮಾಡಿದ್ದಾರೆ. ಇನ್ನೊಂದು ಮಜಾ ವಿಷಯ ಏನು ಗೊತ್ತಾ, ಅಲ್ಲಿನ ವೀಕ್ಷಣಾಲಯ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು. 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ನಾವು ಹೊಸಕೋಟೆಗೆ ಬಿರಿಯಾನಿ ತಿನ್ನುವುದಕ್ಕೆ ಮಾತ್ರ ಹೋಗುತ್ತೇವೆ.

ಸೋಮವಾರ_ಬೇಡ
ಬೆಳಗಿನ ಜಾವ ನಾಲ್ಕಕ್ಕೆ ಕ್ಯೂ ನಿಂತರೆ ಅಲ್ಲೂ ನಕ್ಷತ್ರ ಕಾಣುತ್ತೆ.

ನಿವೃತ್ತ_ಮೇಷ್ಟ್ರು_ಗದಗ
ಎಲ್ಲೋರಾ ಇನ್ನೂ ನೋಡಿಲ್ಲ ಅಂದಿರಿ. ನಾನೂ ನೋಡಿಲ್ಲ. ಆದರೆ ನನ್ನ ಕಥೆ ನಿಮ್ಮದಕ್ಕಿಂತ ಕೆಟ್ಟದ್ದು, ನಾನು ಅದರ ಬಾಗಿಲ ತನಕ ಹೋಗಿ ಬಂದವನು.

30 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದೆ. ಪ್ರತಿ ವರ್ಷ ಒಂದು ಪಾಠ ಬಂದಾಗ ಬೋರ್ಡಿನ ಮೇಲೆ ಮೂರು ಚುಕ್ಕೆ ಇಡುತ್ತಿದ್ದೆ. ಒಂದು ಕಂಚಿ, ಒಂದು ಪಟ್ಟದಕಲ್ಲು, ಒಂದು ಎಲ್ಲೋರಾ. ನಮ್ಮ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿಗೆ ನುಗ್ಗಿದ. ಗೆದ್ದವನು ಲೂಟಿ ಮಾಡಬೇಕಿತ್ತು. ಅವನು ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ವಾಪಸ್ ಕೊಟ್ಟು, ಅದನ್ನು ಅಲ್ಲೇ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಕಂಚಿಯ ಛಾಯೆ ಅದರಲ್ಲಿ ಎದ್ದು ಕಾಣುತ್ತದೆ. ಮುಂದೆ ರಾಷ್ಟ್ರಕೂಟರು ಬಂದರು, ಒಂದನೇ ಕೃಷ್ಣನ ಕಾಲದಲ್ಲಿ ಎಲ್ಲೋರಾದ ಕೈಲಾಸ ಎದ್ದಿತು. ಎದ್ದಿತು ಅನ್ನಬಾರದು, ಇಳಿಯಿತು ಅನ್ನಬೇಕು. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ್ದು. ಅದರಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷನ ಹೋಲಿಕೆ ಇದೆ. ಅಜ್ಜಿ, ತಾಯಿ, ಮಗಳು ಇದ್ದ ಹಾಗೆ ಮೂರು ದೇವಾಲಯ.

ಪಟ್ಟದಕಲ್ಲು ನಮಗೆ ಹಿತ್ತಲು. ಕಂಚಿಗೆ ನಿವೃತ್ತಿಯ ವರ್ಷ ಹೋದೆ, ಆ ಕಂಬದ ಮುಂದೆ ನಿಂತು ಅಕ್ಷರ ಗುರುತಿಸಲು ಪ್ರಯತ್ನ ಪಟ್ಟೆ, ನಾಲ್ಕೈದು ಗುರುತು ಸಿಕ್ಕವು, ಕಣ್ಣಲ್ಲಿ ನೀರು ಬಂತು. ಕೊನೆಗೆ ಎಲ್ಲೋರಾ. ಸೊಲ್ಲಾಪುರದಲ್ಲಿ ರೈಲು ಬದಲಿಸಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಔರಂಗಾಬಾದ್ ಮುಟ್ಟಿ, ಆಟೋ ಮಾಡಿಕೊಂಡು ಹೋಗಿ ಇಳಿದರೆ ಗೇಟು ಹಾಕಿದೆ. ಮಂಗಳವಾರ. ಎಲ್ಲೋರಾಕ್ಕೆ ಮಂಗಳವಾರ ರಜೆ. ಅದೇ ರಾತ್ರಿ ವಾಪಸ್ ಟಿಕೆಟ್ಟು. ಮೂವತ್ತು ವರ್ಷ ಮಕ್ಕಳಿಗೆ "ಟೈಂಟೇಬಲ್ ನೋಡಿಕೊಂಡು ಬರಬೇಕು" ಅಂತ ಬೈದವನು ನಾನು.

ಪುಟ್ಟಿ_ಅಮ್ಮ
ಅಯ್ಯೋ ಮೇಷ್ಟ್ರೇ 😭

ಹುಬ್ಬಳ್ಳಿ_ಗಿರ್ಮಿಟ್
ಸರ್, ಆಟೋದವನಿಗೆ ಗೊತ್ತಿರಲಿಲ್ವೇನ್ರಿ?

ನಿವೃತ್ತ_ಮೇಷ್ಟ್ರು_ಗದಗ
ಗೊತ್ತಿತ್ತು. "ನೀವು ಕೇಳಲಿಲ್ಲ" ಅಂದ.

ಗಂಟುಮೂಟೆ_ಗೀತಕ್ಕ
ಮಾಚು ಪಿಚುಗೆ ನಾನು ಮತ್ತು ನನ್ನ ತಂಗಿ ಹೋಗಿದ್ದೆವು, 2019ರಲ್ಲಿ. ತಂಗಿ ಅಮೆರಿಕದಲ್ಲಿದ್ದಾಳೆ. ನಿಮ್ಮ ಹತ್ತಿರ ಅಮೆರಿಕದ ವೀಸಾ ಇದ್ದರೆ ಪೆರುವಿಗೆ ಬೇರೆ ವೀಸಾ ಬೇಕಾಗುವುದಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಎಲ್ಲರೂ ಅಂದುಕೊಳ್ಳುವುದು ಬೆಟ್ಟ ಹತ್ತಿ ಹತ್ತಿ ಹೋಗಬೇಕು ಅಂತ. ಉಲ್ಟಾ. ಕುಸ್ಕೋ ನಗರ ಸುಮಾರು 3,400 ಮೀಟರ್, ಮಾಚು ಪಿಚು 2,430. ಅಂದರೆ ಕುಸ್ಕೋದಿಂದ ಇಳಿದುಕೊಂಡು ಹೋಗುವುದು. ತಲೆನೋವು, ವಾಂತಿ ಏನಿದ್ದರೂ ಕುಸ್ಕೋದಲ್ಲೇ ಮುಗಿಯುತ್ತದೆ. ನಾಲ್ಕು ದಿನದ ಇಂಕಾ ದಾರಿ ನಡೆಯಬೇಕು ಅಂತಿದ್ದರೆ ದಿನಕ್ಕೆ 500 ಪರ್ಮಿಟ್ ಮಾತ್ರ, ಅದರಲ್ಲಿ ಹೊರೆ ಹೊರುವವರೂ ಸೇರಿ. ಫೆಬ್ರವರಿ ಪೂರ್ತಿ ಆ ದಾರಿ ಮುಚ್ಚಿರುತ್ತದೆ. ಮೊಣಕಾಲು ನೋವಿನವರು ರೈಲು ಹಿಡಿದು, ಆಮೇಲೆ ಬಸ್ಸಿನಲ್ಲಿ ಬಾಗಿಲ ತನಕ ಹೋಗಬಹುದು. ಒಳಗೆ ಮೆಟ್ಟಿಲಿದೆ, ಆದರೆ ನಮ್ಮ ಚಾಮುಂಡಿ ಬೆಟ್ಟದಷ್ಟಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ: ಮಾಚು ಪಿಚು ಕಾಲಿನ ಊರಲ್ಲ, ಕಾಸಿನ ಊರು. 60 ಆದ ಮೇಲೂ ಆಗುತ್ತದೆ.

ಹುಬ್ಬಳ್ಳಿ_ಗಿರ್ಮಿಟ್
ಊಟಕ್ಕೆ ಏನ್ ಮಾಡಿದ್ರಿ ಅಕ್ಕಾ? ನಾವು ಸಸ್ಯಾಹಾರಿಗಳು.

ಗಂಟುಮೂಟೆ_ಗೀತಕ್ಕ
ಆಲೂಗಡ್ಡೆ ಹುಟ್ಟಿದ್ದೇ ಆ ಬೆಟ್ಟಗಳಲ್ಲಿ. ಬೆಳಿಗ್ಗೆ ಆಲೂಗಡ್ಡೆ, ಮಧ್ಯಾಹ್ನ ಜೋಳದ ತೆನೆ, ರಾತ್ರಿ ಮತ್ತೆ ಆಲೂಗಡ್ಡೆ. ಜೊತೆಗೆ ನನ್ನ ಪುಳಿಯೋಗರೆ ಗೊಜ್ಜು. ಆರನೇ ದಿನ ಗೊಜ್ಜಿನ ಬಾಟಲಿ ಒಡೆಯಿತು, ಅವತ್ತು ನಾವಿಬ್ಬರೂ ಅತ್ತಿದ್ದು ನಿಜ.

ಜುಟ್ಟು_ಜಗಳ
ಒಂದು ವಿಷಯ ಹೇಳಲೇ? ಬೈಯಬೇಡಿ. ಇವರೆಲ್ಲ ಪೆರು, ನಾರ್ವೆ ಅನ್ನುತ್ತಾರೆ. ಸ್ವಂತ ಜಿಲ್ಲೆ ನೋಡಿರುವುದಿಲ್ಲ. ಹಾಸನದಲ್ಲಿ ಹುಟ್ಟಿ ಬೇಲೂರು ಹಳೇಬೀಡು ನೋಡದವರು ನನ್ನ ಆಫೀಸಿನಲ್ಲೇ ಇದ್ದಾರೆ. 2023ರಲ್ಲಿ ಸೋಮನಾಥಪುರವೂ ಸೇರಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿಗೆ ಬಂದ ಮೇಲೆ ವಾಟ್ಸಾಪ್ ಸ್ಟೇಟಸ್ ಮಾತ್ರ ಹಾಕಿದರು. ಮೊದಲು ಇಲ್ಲಿಯದು ಮುಗಿಸಿ, ಆಮೇಲೆ ಪಾಸ್‌ಪೋರ್ಟ್ ಮಾಡಿಸಿ.

ಮಲೆನಾಡ_ಜಡಿಮಳೆ
@ಜುಟ್ಟು_ಜಗಳ ಈ ವಾದ ನನಗೆ ಯಾವತ್ತೂ ಅರ್ಥ ಆಗಿಲ್ಲ. ಹತ್ತಿರದ್ದು ಎಲ್ಲಿ ಓಡಿಹೋಗುತ್ತದೆ? ಬೇಲೂರು ಊರುಗೋಲು ಹಿಡಿದೂ ನೋಡಬಹುದು. ಹೂವಿನ ಕಣಿವೆಗೆ ಪುಲ್ನಾದಿಂದ ಘಾಂಗರಿಯಾ ಸುಮಾರು 10 ಕಿಲೋಮೀಟರ್ ಏರು, ಅಲ್ಲಿ ತನಕ ಕುದುರೆ ಸಿಗುತ್ತದೆ. ಮುಂದೆ ಕಣಿವೆಯೊಳಗೆ ಕುದುರೆ ಬಿಡುವುದಿಲ್ಲ, ನಿಮ್ಮ ಕಾಲೇ ಗತಿ. ಒಳಗೆ ರಾತ್ರಿ ಉಳಿಯುವ ಹಾಗಿಲ್ಲ, ಅದೇ ದಿನ ವಾಪಸ್ ಇಳಿಯಬೇಕು. ಹೂವು ಚೆನ್ನಾಗಿರುವುದು ಜುಲೈ ಮಧ್ಯದಿಂದ ಆಗಸ್ಟ್, ಅಂದರೆ ಸರಿಯಾದ ಮಳೆಗಾಲ. ಅದನ್ನು 65ಕ್ಕೆ ಇಟ್ಟುಕೊಳ್ಳುತ್ತೀರಾ?

ಜುಟ್ಟು_ಜಗಳ
ಹತ್ತಿರದ್ದು ಓಡಿಹೋಗುವುದಿಲ್ಲ ಅಂತಲೇ ಯಾರೂ ಹೋಗುವುದಿಲ್ಲ. ಅದೇ ನನ್ನ ಮಾತು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, 2018ರಲ್ಲಿ "ಮುಂದಿನ ಸಲ" ಅಂದವರು ಎಷ್ಟು ಜನ. ಮುಂದಿನದು 2028ಕ್ಕೆ ಬಂತು, ಬುಕ್ ಮಾಡಿ.

ನಿವೃತ್ತ_ಮೇಷ್ಟ್ರು_ಗದಗ
2018ಕ್ಕೆ 12 ಕೂಡಿದರೆ 2030. ನನ್ನ ವಿಷಯ ಇತಿಹಾಸ, ಆದರೂ ಇಷ್ಟು ಗಣಿತ ಬರುತ್ತದೆ.

ಜುಟ್ಟು_ಜಗಳ
2030. ಕೈ ಜಾರಿತು.

ಮಂಗಳೂರು_ಗೋಳಿಬಜೆ
ಲಕ್ಷದ್ವೀಪದ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಅಲ್ಲಿಗೆ ನಾಳೆ ಹೋಗುತ್ತೇನೆ ಅಂದರೆ ಆಗುವುದಿಲ್ಲ, ಮೊದಲೇ ಪರ್ಮಿಟ್ ಆಗಬೇಕು. ವಿಮಾನ ಅಗತ್ತಿಗೆ, ಹಡಗು ಕೊಚ್ಚಿಯಿಂದ. ಹಡಗಿನಲ್ಲೇ ಹೋಗಿ ಮಾರಾಯ್ರೇ, ಒಂದು ರಾತ್ರಿ ಪೂರ್ತಿ ಸಮುದ್ರದ ಮೇಲೆ. ಮೊಣಕಾಲಿಗೆ ಇದಕ್ಕಿಂತ ಆರಾಮದ ಊರು ಇಲ್ಲ, ಎಲ್ಲಾ ಮಟ್ಟಸ. ಇನ್ನೊಂದು ಗೊತ್ತುಂಟಾ? ಅಮಿನಿ, ಕಡಮತ್, ಕಿಲ್ತಾನ್ ಈ ಕಡೆಯ ದ್ವೀಪಗಳೆಲ್ಲ 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಜಿಲ್ಲೆ ನೋಡಿ ಅನ್ನುವವರು ಆ ಲೆಕ್ಕದಲ್ಲಿ ಅಲ್ಲಿಗೂ ಹೋಗಬಹುದು.

ಜುಟ್ಟು_ಜಗಳ
ಇದು ಒಳ್ಳೆ ಏಟು. ಒಪ್ಪಿದೆ 😂

ರಾತ್ರಿ_ಆಕಾಶ
ನನ್ನದು ಅಂಟಾರ್ಕ್ಟಿಕಾ. ಆಗುವುದಿಲ್ಲ ಅಂತ ಗೊತ್ತು, ಕನಸಿಗೆ ಜಿಎಸ್‌ಟಿ ಇಲ್ಲವಲ್ಲ. ಅರ್ಜೆಂಟೀನಾದ ಉಶುವಾಯಾದಿಂದ ಹಡಗು, ಡ್ರೇಕ್ ಜಲಸಂಧಿ ದಾಟಲು ಎರಡು ದಿನ, ಹೊಟ್ಟೆಯಲ್ಲಿ ಇದ್ದದ್ದೆಲ್ಲ ಹೊರಗೆ. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನವರು ದಡಕ್ಕೆ ಇಳಿಯುವ ಹಾಗೇ ಇಲ್ಲ, ಒಂದು ಹೊತ್ತಿಗೆ 100 ಜನ ಮಾತ್ರ ನೆಲದ ಮೇಲೆ.

ಹುಬ್ಬಳ್ಳಿ_ಗಿರ್ಮಿಟ್
ಅಡುಗೆ ಬರತದೇನ್ರಿ ನಿಮಗೆ? ನಮ್ಮ ದೇಶದ ಮೈತ್ರಿ, ಭಾರತಿ ಅಂತ ಎರಡು ಠಾಣ್ಯ ಅದಾವ ಅಲ್ಲಿ. ವಿಜ್ಞಾನಿಗಳಷ್ಟೇ ಅಲ್ಲ, ಡಾಕ್ಟರು, ಮೆಕ್ಯಾನಿಕ್ಕು, ಅಡುಗೆಯವರೂ ಹೋಗುತ್ತಾರೆ. ಸಂಬಳಾನೂ ಕೊಡುತ್ತಾರೆ!

ರಾತ್ರಿ_ಆಕಾಶ
ನನಗೆ ಬರುವುದು ಮ್ಯಾಗಿ ಮತ್ತು ಚಿತ್ರಾನ್ನ.

ಹುಬ್ಬಳ್ಳಿ_ಗಿರ್ಮಿಟ್
ಪೆಂಗ್ವಿನ್‌ಗೆ ಏನ್ ಗೊತ್ತಾಗತದ ಬಿಡ್ರಿ.

ಒಬ್ಬಳೇ_ಹೊರಟೆ
ಬಹಳ ಹೊತ್ತಿನಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಅಂತ. ನನಗೆ 44. ನನ್ನ ಪಟ್ಟಿಯಲ್ಲಿ ಊರಿನ ಹೆಸರಿಲ್ಲ. ಒಬ್ಬಳೇ ಒಂದು ಸಲ ಎಲ್ಲಿಗಾದರೂ ಹೋಗಬೇಕು, ಅಷ್ಟೇ. ಅಪ್ಪನ ಜೊತೆ ಹೋಗಿದ್ದೇನೆ, ಗಂಡನ ಜೊತೆ, ಮಕ್ಕಳ ಶಾಲೆಯವರ ಜೊತೆ, ಆಫೀಸಿನವರ ಜೊತೆ. ಎಲ್ಲಾ ಕಡೆ ನೀರಿನ ಬಾಟಲಿ ಎಣಿಸುವುದು, ಯಾರಿಗೆ ಹಸಿವು, ಯಾರಿಗೆ ಬಾತ್‌ರೂಮು, ಇದೇ. ಹಂಪಿಗೆ ನಾಲ್ಕು ಸಲ ಹೋಗಿದ್ದೇನೆ. ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ಒಂದು ಸಲವೂ ನೋಡಿಲ್ಲ. ಆ ಹೊತ್ತಿಗೆ ಯಾರಿಗೋ ಹಾಲು ಬಿಸಿ ಮಾಡಿಸುತ್ತಿದ್ದೆ.

ಪುಟ್ಟಿ_ಅಮ್ಮ
ಇದನ್ನು ಎರಡು ಸಲ ಓದಿದೆ. ಯಾವಾಗ ಹೋಗುತ್ತೀರಿ ಹೇಳಿ, ನಮ್ಮತ್ತೆಯ ಗುಂಪಿಗೆ ಸೇರಿಸಬೇಡಿ ಅಂತ ಅತ್ತೆಗೆ ಮೊದಲೇ ಹೇಳಿಬಿಡುತ್ತೇನೆ.

ಗಂಟುಮೂಟೆ_ಗೀತಕ್ಕ
ಮಾತಂಗಕ್ಕೆ ಕತ್ತಲಲ್ಲಿ ಒಬ್ಬರೇ ಹತ್ತಬೇಡಿ ಅಕ್ಕ. ಗೈಡ್ ಒಬ್ಬರನ್ನು ಕರೆದುಕೊಂಡು ಹೋಗಿ, ಮೇಲೆ ಹೋದ ಮೇಲೆ "ಸ್ವಲ್ಪ ದೂರ ಕೂತಿರಿ" ಅನ್ನಿ. ನವೆಂಬರ್ ಆದ ಮೇಲೆ ಹೋಗಿ, ಬಂಡೆ ಕಾಯುವುದಿಲ್ಲ.

ಒಬ್ಬಳೇ_ಹೊರಟೆ
ಥ್ಯಾಂಕ್ಸ್ ಅಕ್ಕ. ಡಿಸೆಂಬರ್ ಎರಡನೇ ವಾರ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "25ನೇ ವಯಸ್ಸಿನ ನಿಮ್ಮ ಪಟ್ಟಿ ಇದು, ನಾನು ಆಗ ಇರಲೇ ಇಲ್ಲ, ನನ್ನ ಪಟ್ಟಿ ಯಾರು ಕೇಳಿದರು?" ಅಂದರು. ಕೇಳಿದೆ. ಅವರದ್ದು ಒಂದೇ. ಹಡಗಿನಲ್ಲಿ ಒಂದು ರಾತ್ರಿ ಮಲಗಬೇಕಂತೆ. ಮದುವೆಯಾಗಿ 24 ವರ್ಷ, ಇವತ್ತಿಗೆ ಗೊತ್ತಾಯಿತು ನನಗೆ.

ಹಾಗಾಗಿ ಲಕ್ಷದ್ವೀಪದ ಪರ್ಮಿಟ್ ಏನು ಎತ್ತ ಅಂತ ವಿಚಾರಿಸುತ್ತಿದ್ದೇನೆ. ಮುಂದಿನ ಆಗಸ್ಟ್‌ಗೆ ಹೂವಿನ ಕಣಿವೆ, ಅದಕ್ಕೆ ಈಗಿನಿಂದಲೇ ದಿನಾ ಗ್ಲಾಸ್ ಹೌಸ್ ತನಕ ನಡೆಯುವುದು ಶುರು. ಕೈಲಾಸಕ್ಕೆ ಅರ್ಜಿ ಹಾಕುತ್ತೇನೆ, ನನ್ನ ಬಿಎಂಐ ಎಷ್ಟು ಅಂತ ಮಾತ್ರ ಕೇಳಬೇಡಿ, ನನ್ನ ಹೆಸರಲ್ಲೇ ಬೆಣ್ಣೆ ಇದೆ. ಮತ್ತೆ ಜನವರಿಯಲ್ಲಿ ಎಲ್ಲೋರಾ. ಮೇಷ್ಟ್ರೇ, ನೀವೂ ಬರುವುದಾದರೆ ಹುಬ್ಬಳ್ಳಿಯಲ್ಲಿ ಸೇರಿಕೊಳ್ಳೋಣ. ಆ ಮೂರು ಚುಕ್ಕೆಯ ಪಾಠ ಅಲ್ಲೇ ನಿಂತು ಕೇಳಬೇಕು.

ನಿವೃತ್ತ_ಮೇಷ್ಟ್ರು_ಗದಗ
ಬರುತ್ತೇನೆ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ಬುಧವಾರ ಬೆಳಿಗ್ಗೆ ಇಳಿಯುವ ಹಾಗೆ ಬುಕ್ ಮಾಡಿ. ನನಗೆ ಕೆಳಗಿನ ಬರ್ತು.

ಸೋಮವಾರ_ಬೇಡ
ನನ್ನ ಹೆಸರಿಗೆ ಇವತ್ತು ಅರ್ಥ ಬಂತು.

ಹುಬ್ಬಳ್ಳಿ_ಗಿರ್ಮಿಟ್
ಹುಬ್ಬಳ್ಳಿ ಸ್ಟೇಷನ್ನಿಗೆ ಗಿರ್ಮಿಟ್ ತಂದು ಕೊಡತೀನ್ರಿ, ಎಷ್ಟು ಮಂದಿ ಹೇಳ್ರಿ.

ಟಿಕೆಟ್_ವೇಟಿಂಗ್_ಲಿಸ್ಟ್
ಒಂದು ಸೀಟು ನನಗೂ ಹಿಡಿಯಿರಿ. ಬುಕ್ಕಿಂಗ್ ಮಾತ್ರ ನನ್ನ ಕೈಗೆ ಕೊಡಬೇಡಿ.

ಪುಟ್ಟಿ_ಅಮ್ಮ
ನಮ್ಮತ್ತೆ ಕೇಳುತ್ತಿದ್ದಾರೆ, ಎಲ್ಲೋರಾ ಯಾವ ರಾಜ್ಯ?